ದ್ರಾಕ್ಷಾರಸದ ರುಚಿಯನ್ನರಿತ ಸಂನ್ಯಾಸಿ ದೋಂ ಪೆರಿನ್ಯೋಂ

ಹೊಸ ವರ್ಷದ ಹಿಂದಿನ ರಾತ್ರಿ ಮಹಾನಗರಗಳ ಭೋಜನಕೂಟಗಳಲ್ಲಿ ಬಿರಡೆ ಹಾರಿಸಿ ತೆರೆಯಲಾಗುವ ಅತಿ ಬೆಲೆಯ ಶಾಂಪೇನ್ ಶೀಸೆಗಳಲ್ಲಿ ಒಂದರ ಮೇಲೆ ಬಡತನದ ವ್ರತ ತೊಟ್ಟ ಸಂನ್ಯಾಸಿಯೊಬ್ಬರ ಹೆಸರಿದೆ. ಅವರು ಫ್ರಾನ್ಸ್ ದೇಶದ ಓವಿಲೇ ಮಠದ ದೋಂ ಪಿಯೆರ್ ಪೆರಿನ್ಯೋಂ. ದೋಂ ಎಂಬುದು ಬೆನೆಡಿಕ್ಟೀನ್ ಸಂನ್ಯಾಸಿಗಳ ಹೆಸರಿಗೆ ಸೇರಿಸುವ ಗೌರವಪದ. ಇವರು ಕುರುಡರಾಗಿದ್ದರೆಂದೂ, ನೊರೆಯುಕ್ಕುವ ದ್ರಾಕ್ಷಾರಸವನ್ನು ಕಂಡುಹಿಡಿದವರು ಇವರೇ ಎಂದೂ, ಮೊದಲ ಗುಟುಕನ್ನು ಸವಿದಾಗ ನಕ್ಷತ್ರಗಳನ್ನೇ ಕುಡಿಯುತ್ತಿರುವೆನೆಂದು ಸಹೋದರರನ್ನು ಕೂಗಿ ಕರೆದರೆಂದೂ ಕಥೆಯಿದೆ. ಸೆಮಿನರಿಯಲ್ಲಿ ಓದುತ್ತಿದ್ದಾಗ ನಾನೂ ಈ ಕಥೆಯನ್ನು ಕೇಳಿದ್ದೆ. ಗುರುವಾದ ಮೇಲೆ ಒಂದೆರಡು ಪ್ರಬೋಧನೆಗಳಲ್ಲಿ ಹೇಳಿದ್ದೂ ಉಂಟು. ಹೇಳಬಾರದಿತ್ತು. ಈ ಮೂರರಲ್ಲಿ ಒಂದಕ್ಕೂ ಅವರ ಕಾಲದ ಆಧಾರವಿಲ್ಲ. ಅವರು ನಿಜವಾಗಿ ಮಾಡಿದ ಕೆಲಸವಾದರೋ ಈ ಕಥೆಗಿಂತ ಹೆಚ್ಚು ಸ್ವಾರಸ್ಯವುಳ್ಳದ್ದು.

ಪಿಯೆರ್ ಪೆರಿನ್ಯೋಂ ಜನಿಸಿದ್ದು 1638ರ ಕೊನೆಯಲ್ಲಿ, ಶಾಂಪೇನ್ ಪ್ರಾಂತದ ಸೇಂತ್ ಮೆನೂ ಎಂಬ ಪಟ್ಟಣದಲ್ಲಿ. ಜ್ಞಾನಸ್ನಾನ ಪಡೆದದ್ದು 1639ರ ಜನವರಿಯಲ್ಲಿ. ತಂದೆ ಅಲ್ಲಿನ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದರು. ಕುಟುಂಬಕ್ಕೆ ದ್ರಾಕ್ಷಿತೋಟಗಳೂ ಇದ್ದವು. ಬಾಲಕ ಯೇಸುಸಭೆಯ ಗುರುಗಳ ಶಾಲೆಯಲ್ಲಿ ಓದಿ, ಇಪ್ಪತ್ತು ತುಂಬುವ ಮೊದಲೇ ವೆರ್ದಂ ನಗರದ ಸಂತ ವಾನ್ ಮಠವನ್ನು ಸೇರಿದ. ಆ ಮಠ ಬೆನೆಡಿಕ್ಟೀನ್ ಸಭೆಯ ಸುಧಾರಣೆಗೆ ಹೆಸರಾದದ್ದು. ಪ್ರಾರ್ಥನೆ, ಅಧ್ಯಯನ, ಕೈಕೆಲಸಗಳ ನಿಯಮ ಅಲ್ಲಿ ಕಟ್ಟುನಿಟ್ಟು. 1668ರಲ್ಲಿ ಮಠಾಧಿಕಾರಿಗಳು ಈ ತರುಣ ಗುರುವನ್ನು ಓವಿಲೇ ಮಠಕ್ಕೆ ಉಗ್ರಾಣಾಧಿಕಾರಿಯಾಗಿ ಕಳುಹಿಸಿದರು. ಆ ಹುದ್ದೆಯಲ್ಲಿ ಅವರು ಉಳಿದದ್ದು 47 ವರ್ಷ.

ಓವಿಲೇ ಮಾರ್ನ್ ನದಿಯ ಕಣಿವೆಯ ಮೇಲಿನ ಸುಣ್ಣಕಲ್ಲಿನ ಇಳಿಜಾರಿನಲ್ಲಿ, ಎಪೆರ್ನೇ ಪಟ್ಟಣದ ಸಮೀಪದಲ್ಲಿದೆ. ಏಳನೆಯ ಶತಮಾನದಲ್ಲಿ ರೇಂಸ್ ನಗರದ ಧರ್ಮಾಧ್ಯಕ್ಷ ಸಂತ ನಿವಾರ್ ಸ್ಥಾಪಿಸಿದ ಮಠವದು. ಉಗ್ರಾಣಾಧಿಕಾರಿ ಎಂದರೆ ನೆಲಮಾಳಿಗೆಯಲ್ಲಿ ಪೀಪಾಯಿ ಕಾಯುವವನೆಂದು ತಿಳಿಯಬಾರದು. ಜಮೀನು, ಗೇಣಿ, ಲೆಕ್ಕಪತ್ರ, ಕಟ್ಟಡದ ದುರಸ್ತಿ, ಅಡಿಗೆಮನೆಯ ಸಾಮಗ್ರಿ, ಬಾಗಿಲಿಗೆ ಬಂದ ಬಡವರ ಊಟ, ಎಲ್ಲವೂ ಅವನ ಹೊಣೆ. ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯಲ್ಲಿ ಮಠದ ಪಾತ್ರೆಪಗಡಗಳನ್ನು ಬಲಿಪೀಠದ ಪಾತ್ರೆಗಳಂತೆಯೇ ನೋಡಿಕೊಳ್ಳಬೇಕೆಂದು ಇಂಥ ಅಧಿಕಾರಿಗೆ ವಿಧಿಸಿದ್ದಾರೆ. ಮಠಕ್ಕೆ ಸ್ವಂತ ದ್ರಾಕ್ಷಿತೋಟಗಳಿದ್ದವು; ಸುತ್ತಲಿನ ಹಳ್ಳಿಗಳಿಂದ ದಶಮಾಂಶದ ರೂಪದಲ್ಲಿಯೂ ದ್ರಾಕ್ಷಿ ಬರುತ್ತಿತ್ತು. ಹೀಗೆ ಬಗೆಬಗೆಯ ಮಣ್ಣಿನ, ಬಗೆಬಗೆಯ ಇಳಿಜಾರಿನ ಹಣ್ಣು ಒಂದೇ ಅಂಗಳಕ್ಕೆ ಬಂದು ಬೀಳುತ್ತಿತ್ತು. ಪೆರಿನ್ಯೋಂ ಅವರ ವಿದ್ಯೆ ಹುಟ್ಟಿದ್ದು ಈ ಅಂಗಳದಲ್ಲಿ.

ತೋಟದಲ್ಲಿ ಅವರ ಶಿಸ್ತು ಕಠಿಣವಾಗಿತ್ತು. ಬಳ್ಳಿಯನ್ನು ಮೂರಡಿಗಿಂತ ಎತ್ತರಕ್ಕೆ ಬಿಡದೆ ಕತ್ತರಿಸಬೇಕು; ಫಸಲು ಕಡಿಮೆಯಾದರೂ ಚಿಂತೆಯಿಲ್ಲ, ಉಳಿದ ಗೊಂಚಲು ಗಟ್ಟಿಯಾಗಬೇಕು. ಕೊಯ್ಲು ಬೆಳಗಿನ ತಂಪಿನಲ್ಲೇ ನಡೆಯಬೇಕು. ಜಜ್ಜಿದ, ಒಡೆದ ಹಣ್ಣನ್ನು ಆರಿಸಿ ತೆಗೆಯಬೇಕು. ಹಣ್ಣನ್ನು ಕಾಲಿನಿಂದ ತುಳಿಯದೆ ಗಾಣದಲ್ಲಿ ಹಗುರವಾಗಿ, ಬೇಗನೆ ಹಿಂಡಬೇಕು. ಈ ಅವಸರಕ್ಕೆ ಕಾರಣವಿತ್ತು. ಅವರು ಮೆಚ್ಚಿದ್ದು ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿಯನ್ನು. ಅದರ ಬಣ್ಣವಿರುವುದು ಸಿಪ್ಪೆಯಲ್ಲಿ, ಒಳಗಿನ ರಸ ತಿಳಿಯಾದದ್ದು. ಸಿಪ್ಪೆಯೊಡನೆ ಹೆಚ್ಚು ಹೊತ್ತು ಬಿಡದೆ ರಸವನ್ನು ಬೇರ್ಪಡಿಸಿದರೆ ಕಪ್ಪು ಹಣ್ಣಿನಿಂದಲೇ ಬಿಳಿಯ ದ್ರಾಕ್ಷಾರಸ ಬರುತ್ತದೆ. ಬಿಳಿ ದ್ರಾಕ್ಷಿಯಿಂದ ತೆಗೆದ ರಸ ಅಲ್ಲಿ ಬೇಗ ಹಳದಿಗಟ್ಟಿ ಸತ್ವಗೆಡುತ್ತಿತ್ತು. ವಸಂತದಲ್ಲಿ ಮತ್ತೆ ಹುದುಗೇಳುವ ಚಾಳಿಯೂ ಅದಕ್ಕೆ ಹೆಚ್ಚು.

ಇನ್ನು ಅವರ ನಾಲಗೆಯ ವಿಚಾರ. ಅವರ ಕೈಕೆಳಗೆ ಕಲಿತ ಸಹೋದರ ಪಿಯೆರ್ ಎಂಬವರು ಬರೆದಿಟ್ಟ ಕೃಷಿಗ್ರಂಥದಿಂದ ಅದರ ಪರಿಚಯ ನಮಗಾಗುತ್ತದೆ. ಹಣ್ಣು ಮಾಗುವ ದಿನಗಳಲ್ಲಿ ಪೆರಿನ್ಯೋಂ ಹೆಚ್ಚುಕಡಿಮೆ ಪ್ರತಿದಿನವೂ ತೋಟಗಳಿಗೆ ಹೋಗುತ್ತಿದ್ದರು. ಆದರೂ ಅಲ್ಲಿ ಹಣ್ಣನ್ನು ಬಾಯಿಗೆ ಹಾಕುತ್ತಿರಲಿಲ್ಲ. ಶ್ರೇಷ್ಠ ದ್ರಾಕ್ಷಾರಸಕ್ಕೆಂದು ಗೊತ್ತುಮಾಡಿದ ತೋಟಗಳಿಂದ ಗೊಂಚಲುಗಳನ್ನು ತರಿಸಿ, ರಾತ್ರಿಯಿಡೀ ಕಿಟಕಿಯ ಬಳಿ ಗಾಳಿಗೆ ಇರಿಸಿ, ಮರುದಿನ ಮುಂಜಾನೆ ಬರಿಹೊಟ್ಟೆಯಲ್ಲಿ ಒಂದೊಂದನ್ನೇ ರುಚಿನೋಡುತ್ತಿದ್ದರು. ಆ ವರ್ಷದ ಬಿಸಿಲು, ಮಳೆ, ಚಳಿಗಳನ್ನೂ ಗಣನೆಗೆ ತೆಗೆದುಕೊಂಡು ಯಾವ ತೋಟದ ಹಣ್ಣಿಗೆ ಯಾವ ತೋಟದ ಹಣ್ಣನ್ನು ಎಷ್ಟು ಸೇರಿಸಬೇಕೆಂದು ನಿರ್ಣಯಿಸುತ್ತಿದ್ದರು. ಬಿಸಿಲಲ್ಲಿ ನಡೆದು ದಣಿದ ಬಾಯಿ, ತೋಟದ ಒಡೆಯನ ಮುಖದಾಕ್ಷಿಣ್ಯ, ಹಿಂದಿನ ಊಟದ ಉಳಿದ ರುಚಿ, ಇವು ಯಾವುವೂ ತೀರ್ಪನ್ನು ಕೆಡಿಸದಂತೆ ಹೂಡಿದ ವ್ಯವಸ್ಥೆಯಿದು ಎಂದು ನನಗೆ ತೋರುತ್ತದೆ. ನಮ್ಮ ಅರಿವು ಇಂದ್ರಿಯಗಳಿಂದಲೇ ಆರಂಭವಾಗುತ್ತದೆಂದು ಸಂತ ತೋಮಸ್ ಅಕ್ವಿನಾಸರ ತತ್ತ್ವಶಾಸ್ತ್ರದಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಇಂದ್ರಿಯವನ್ನೂ ಹೀಗೆ ಉಪವಾಸದಿಂದ ಸಿದ್ಧಗೊಳಿಸಬೇಕೆಂಬುದು ನಮಗೆ ಆಗ ಹೊಳೆದಿರಲಿಲ್ಲ.

ಇಂದು ರುಚಿಪರೀಕ್ಷಕರು ಅನುಸರಿಸುವ ಕ್ರಮವೂ ಇದಕ್ಕೆ ದೂರವಾದದ್ದಲ್ಲ. ಬಟ್ಟಲನ್ನು ಬಿಳಿ ಬಟ್ಟೆಯ ಮುಂದೆ ಹಿಡಿದು ಮೊದಲು ಬಣ್ಣ ನೋಡುತ್ತಾರೆ. ವರ್ಷ ಕಳೆದಂತೆ ಕೆಂಪು ದ್ರಾಕ್ಷಾರಸ ಮಾಸುತ್ತ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಬಿಳಿಯದು ಚಿನ್ನದ ಬಣ್ಣಕ್ಕೇರುತ್ತದೆ. ಬಳಿಕ ಪರಿಮಳ, ಅನಂತರ ಒಂದು ಸಣ್ಣ ಗುಟುಕು. ಅದನ್ನು ಬಾಯಲ್ಲೆಲ್ಲ ಆಡಿಸಿ ಉಗುಳಿಬಿಡುತ್ತಾರೆ. ಹೊಸದರಲ್ಲಿ ಹಣ್ಣಿನ ಕಂಪು, ಹುಳಿ, ಕೆಂಪಿನದಾದರೆ ಎಳೆ ಅಡಿಕೆಯಂಥ ಒಗರು ಮುಂದಾಗಿರುತ್ತದೆ. ಹಳೆಯದರಲ್ಲಿ ಆ ಒಗರು ಗಷ್ಟಾಗಿ ತಳಕ್ಕಿಳಿದು, ಒಣಹಣ್ಣು, ಅಣಬೆ, ತರಗೆಲೆಗಳ ವಾಸನೆ ಮೂಡುತ್ತದೆ. ಎಲ್ಲ ದ್ರಾಕ್ಷಾರಸವೂ ಹಳತಾದಷ್ಟೂ ಉತ್ತಮವಾಗುತ್ತದೆಂಬ ನಂಬಿಕೆ ಸರಿಯಲ್ಲ. ಹೆಚ್ಚಿನವು ಎಳೆಯದರಲ್ಲೇ ಕುಡಿಯತಕ್ಕವು. ಹಳೆಯದನ್ನು ಕುಡಿದವನು ಹೊಸದನ್ನು ಬಯಸುವುದಿಲ್ಲವೆಂಬ ಅರ್ಥದ ಮಾತು ಲೂಕನ ಶುಭಸಂದೇಶದಲ್ಲಿ ಬರುತ್ತದೆ. ಪರೀಕ್ಷಕರು ಈ ಕಾರಣದಿಂದಲೇ ಹೊಸದನ್ನು ಮೊದಲು, ಹಳೆಯದನ್ನು ಅನಂತರ ಮೇಜಿಗೆ ತರುತ್ತಾರೆ. ಉತ್ತಮವಾದುದನ್ನು ಕಡೆಯವರೆಗೆ ಇರಿಸಿದ್ದಕ್ಕೆ ಕಾನಾ ಊರಿನ ಮದುವೆಯಲ್ಲಿ ಔತಣದ ಮೇಲ್ವಿಚಾರಕ ಬೆರಗಾದನಲ್ಲ, ಅದೇ ಕ್ರಮ ಇಂದು ಬಲ್ಲವರ ಪದ್ಧತಿಯಾಗಿದೆ.

ಊಟದೊಡನೆ ಹೊಂದಿಸುವುದರಲ್ಲಿಯೂ ಇದೇ ವಿವೇಕ. ಶಾಂಪೇನ್ ಪ್ರಾಂತ ಚಳಿಯ ಸೀಮೆ. ಅಲ್ಲಿನ ಹಣ್ಣಿನಲ್ಲಿ ಹುಳಿ ಹೆಚ್ಚು. ಎಳೆಯ, ಹುಳಿಯಾದ ಬಿಳಿ ದ್ರಾಕ್ಷಾರಸ ಮೀನಿಗೆ, ಉಪ್ಪುನೀರಿನ ಚಿಪ್ಪುಮೀನಿಗೆ, ಕೊಬ್ಬಿನ ಚೀಸ್‌ಗೆ ಒಪ್ಪುತ್ತದೆ. ಹುಳಿ ಜಿಡ್ಡನ್ನು ಕತ್ತರಿಸಿ ನಾಲಗೆಯನ್ನು ತೊಳೆಯುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ಹಂದಿಮಾಂಸದ ಬಫಾತಿಗೆ ವಿನಿಗರ್ ಹಾಕುವುದೂ ಇದಕ್ಕಾಗಿಯೇ ತಾನೆ? ಪೆರಿನ್ಯೋಂ ಅವರ ಹುಟ್ಟೂರು ಇಂದು ಹೆಸರಾಗಿರುವುದು ಮೂಳೆಯೂ ಮೆತ್ತಗಾಗುವಷ್ಟು ಹೊತ್ತು ಬೇಯಿಸಿದ ಹಂದಿಕಾಲಿನ ಅಡಿಗೆಗೆ ಎಂಬುದನ್ನು ನಮ್ಮ ಗೃಹಿಣಿಯರು ಕೇಳಿ ಸಂತೋಷಪಟ್ಟಾರು. ಒಗರಾದ ಕೆಂಪು ರಸ ಬೇಯಿಸಿದ ಮಾಂಸದೊಡನೆ ಮೃದುವಾಗುತ್ತದೆ. ಹಳೆಯದರ ಪರಿಮಳ ಮಾತ್ರ ಸೂಕ್ಷ್ಮ. ಖಾರಮಸಾಲೆಯ ಮುಂದೆ ಅದು ಸೋತುಹೋಗುತ್ತದೆ. ಹುರಿದ ಕೋಳಿ, ಅಣಬೆ, ಗಟ್ಟಿ ಚೀಸ್, ಇಷ್ಟೇ ಅದಕ್ಕೆ ಸಾಕು. ಓವಿಲೇ ಮಠದ ಸಂನ್ಯಾಸಿಗಳಿಗಾದರೋ ಇದರಲ್ಲಿ ಹೆಚ್ಚಿನದು ಸಿಗುವಂತಿರಲಿಲ್ಲ. ಬೆನೆಡಿಕ್ಟರ ನಿಯಮದಂತೆ ನಾಲ್ಕುಕಾಲಿನ ಪ್ರಾಣಿಗಳ ಮಾಂಸ ರೋಗಿಗಳಿಗೆ ಮಾತ್ರ. ಅದೇ ನಿಯಮಾವಳಿ ಸಂನ್ಯಾಸಿಗೆ ದಿನಕ್ಕೆ ಒಂದು ಸಣ್ಣ ಅಳತೆಯ ದ್ರಾಕ್ಷಾರಸವನ್ನು ಬಹಳ ಅಳುಕಿನಿಂದ ಅನುಮತಿಸಿ, ಬಿಡಬಲ್ಲವರಿಗೆ ವಿಶೇಷ ಪ್ರತಿಫಲವುಂಟೆಂದು ಸೇರಿಸಿದೆ. ಕುಡಿತದಿಂದ ಒಡೆದ ಸಂಸಾರಗಳನ್ನು ಧರ್ಮಕೇಂದ್ರಗಳಲ್ಲಿ ನಿತ್ಯ ಕಾಣುವ ನಾನು ಆ ಅಳುಕನ್ನು ಅರ್ಥಮಾಡಿಕೊಳ್ಳಬಲ್ಲೆ.

ಈಗ ಗುಳ್ಳೆಗಳ ಕಥೆಗೆ ಬರೋಣ. ಚಳಿಗಾಲ ಬಂದೊಡನೆ ಆ ಸೀಮೆಯಲ್ಲಿ ಹುದುಗುವ ಕ್ರಿಯೆ ಅರ್ಧಕ್ಕೇ ನಿಲ್ಲುತ್ತಿತ್ತು. ವಸಂತದ ಬಿಸಿಗೆ ಅದು ಮತ್ತೆ ಎಚ್ಚರಗೊಂಡಾಗ, ಶೀಸೆಯಲ್ಲಿ ಮುಚ್ಚಿಟ್ಟ ರಸದಲ್ಲಿ ಇಂಗಾಲದ ಡೈ ಆಕ್ಸೈಡ್ ಹೊರಬರಲು ದಾರಿಯಿಲ್ಲದೆ ಒತ್ತಡವೇರಿ ಶೀಸೆ ಸಿಡಿಯುತ್ತಿತ್ತು. ಒಂದು ಸಿಡಿದರೆ ಪಕ್ಕದವೂ ಒಡೆಯುತ್ತಿದ್ದವು. ಲೆಕ್ಕ ಒಪ್ಪಿಸಬೇಕಾದ ಉಗ್ರಾಣಾಧಿಕಾರಿಗೆ ಇದು ಶುದ್ಧ ನಷ್ಟ. ನೊರೆಯೇಳದ, ತಿಳಿಯಾದ, ಶಾಂತವಾದ ದ್ರಾಕ್ಷಾರಸವೇ ಪೆರಿನ್ಯೋಂ ಅವರ ಗುರಿಯಾಗಿತ್ತು. ಕಪ್ಪು ದ್ರಾಕ್ಷಿಯನ್ನು ಅವರು ಆರಿಸಿದ್ದಕ್ಕೆ ಇದೂ ಒಂದು ಕಾರಣ. ಅವರು ಓವಿಲೇಗೆ ಬರುವ ಆರು ವರ್ಷ ಮೊದಲೇ, 1662ರಲ್ಲಿ, ಸಕ್ಕರೆ ಸೇರಿಸಿ ದ್ರಾಕ್ಷಾರಸಕ್ಕೆ ನೊರೆ ಬರಿಸುವ ರೂಢಿಯನ್ನು ಕ್ರಿಸ್ಟೋಫರ್ ಮೆರೆಟ್ ಎಂಬ ವೈದ್ಯರು ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದ್ದರು. ಕಲ್ಲಿದ್ದಲ ಬೆಂಕಿಯಲ್ಲಿ ತಯಾರಾದ ಇಂಗ್ಲಿಷರ ಗಾಜು ಹೆಚ್ಚು ಬಲವಾದುದು. ದ್ರಾಕ್ಷಾರಸವನ್ನು ಶೀಸೆಗಳಲ್ಲಿ ಸಾಗಿಸಲು ಫ್ರಾನ್ಸಿನ ದೊರೆ ಅಪ್ಪಣೆ ಕೊಟ್ಟದ್ದು 1728ರಲ್ಲಿ, ಪೆರಿನ್ಯೋಂ ತೀರಿಕೊಂಡು 13 ವರ್ಷಗಳಾದ ಮೇಲೆ. ಹುದುಗುವಿಕೆಯ ರಹಸ್ಯವನ್ನು ಲೂಯಿ ಪಾಶ್ಚರ್ ಬಿಡಿಸಿ ತೋರಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಹಾಗಾದರೆ ಆ ಕಥೆ ಹುಟ್ಟಿದ್ದೆಲ್ಲಿ? ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಮಠಗಳು ಮುಚ್ಚಿದವು. ಓವಿಲೇ ಮಠದ ಸಂನ್ಯಾಸಿಗಳೂ ಚದರಿಹೋದರು. ಅವರಲ್ಲಿ ಕೊನೆಯ ಉಗ್ರಾಣಾಧಿಕಾರಿಯಾಗಿದ್ದ ದೋಂ ಗ್ರೊಸಾರ್ ಎಂಬವರು 1821ರಲ್ಲಿ ಬರೆದ ಪತ್ರವೊಂದರಲ್ಲಿ, ನೊರೆಯ ದ್ರಾಕ್ಷಾರಸದ ಗುಟ್ಟನ್ನು ಕಂಡುಹಿಡಿದವರು ಪೆರಿನ್ಯೋಂ ಎಂದು ಸಾರಿದರು. ನಕ್ಷತ್ರಗಳ ಮಾತನ್ನು ಆ ಶತಮಾನದ ಕೊನೆಯ ಭಾಗದ ಜಾಹೀರಾತುದಾರರು ಸೇರಿಸಿದರು. ಗ್ರೊಸಾರರನ್ನು ಸುಳ್ಳುಗಾರರೆಂದು ಕರೆಯಲು ನನಗೆ ಮನಸ್ಸು ಬಾರದು. ಸಾವಿರ ವರ್ಷಕ್ಕೂ ಮಿಕ್ಕಿ ಪ್ರಾರ್ಥನೆ ನಡೆದಿದ್ದ ಮನೆ ಕಣ್ಣೆದುರೇ ಬರಿದಾದ ಮುದುಕ ಅವರು. ಆ ಮನೆಯ ಕೀರ್ತಿಯನ್ನಾದರೂ ಉಳಿಸಬೇಕೆಂಬ ಹಂಬಲ ಅವರಿಗಿತ್ತೆಂದು ತೋರುತ್ತದೆ. ಆದರೂ ಸತ್ಯವನ್ನು ಪ್ರೀತಿಯಿಂದ ಹಿಗ್ಗಿಸಿದರೂ ಅದು ಹಿಗ್ಗಿಸಿದ ಸತ್ಯವೇ. ಯಾವ ದೋಷದ ವಿರುದ್ಧ ಆ ಗುರು ಶ್ರಮಿಸಿದರೋ ಅದೇ ಅವರ ಕಿರೀಟವಾಯಿತು; ಬರಿಹೊಟ್ಟೆಯಲ್ಲಿ ನಡೆಸಿದ ಆ ರುಚಿಪರೀಕ್ಷೆಯನ್ನು ಜನ ಮರೆತರು. ಅವರ ಹೆಸರಿನ ಶಾಂಪೇನನ್ನು ಮೋಯೆ ಎ ಶಾಂದೋಂ ಸಂಸ್ಥೆ ಮಾರುಕಟ್ಟೆಗೆ ತಂದದ್ದು 1936ರಲ್ಲಿ. ಅದು 1921ರ ಕೊಯ್ಲಿನದು.

ವಿನಯದ ಪ್ರತಿಮೆಯನ್ನಾಗಿ ಅವರನ್ನು ಚಿತ್ರಿಸುವುದೂ ಬೇಡ. ತಮ್ಮ ಕೈಕೆಲಸದ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. 1694ರಲ್ಲಿ ಬರೆದ ಒಂದು ಪತ್ರದಲ್ಲಿ, ತಾವು ಕೊಟ್ಟ 26 ಶೀಸೆ ದ್ರಾಕ್ಷಾರಸವನ್ನು ಜಗತ್ತಿನಲ್ಲೇ ಶ್ರೇಷ್ಠವಾದುದೆಂದು ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡಿದ್ದಾರೆ. ಹದಿನಾಲ್ಕನೆಯ ಲೂಯಿ ದೊರೆಯ ಅರಮನೆಯಲ್ಲಿ ಶಾಂಪೇನ್ ಪ್ರಾಂತದ ದ್ರಾಕ್ಷಾರಸಕ್ಕೆ ಬಹುಕಾಲ ಮನ್ನಣೆಯಿತ್ತು. ಮುಂದೆ ಬಂದ ರಾಜವೈದ್ಯ ಫಾಗೋಂ ಅದನ್ನು ಬಿಡಿಸಿ ಬರ್ಗಂಡಿಯದನ್ನು ವಿಧಿಸಿದ.

ದೊರೆಯೂ ಸಂನ್ಯಾಸಿಯೂ ಹುಟ್ಟಿದ್ದು 1638ರಲ್ಲಿ, ತೀರಿಕೊಂಡದ್ದು 1715ರ ಸೆಪ್ಟೆಂಬರ್ ತಿಂಗಳಲ್ಲಿ. ಪೆರಿನ್ಯೋಂ ಅವರನ್ನು ಓವಿಲೇ ಮಠದ ದೇವಾಲಯದೊಳಗೇ ಸಮಾಧಿ ಮಾಡಲಾಯಿತು. ಮಠ ಹೋದರೂ ದೇವಾಲಯ ಉಳಿದಿದೆ. ಅದು ಈಗ ಊರಿನ ಧರ್ಮಕೇಂದ್ರದ ಗುಡಿ. ನೆಲದ ಕಪ್ಪುಕಲ್ಲಿನ ಮೇಲೆ ಲತೀನಿನಲ್ಲಿ ಕೊರೆದಿರುವುದು ಇಷ್ಟು: ಇವರು 47 ವರ್ಷ ಈ ಮಠದ ಉಗ್ರಾಣಾಧಿಕಾರಿಯಾಗಿದ್ದರು, ಮನೆವಾರ್ತೆಯನ್ನು ಎಲ್ಲರೂ ಮೆಚ್ಚುವಂತೆ ನಡೆಸಿದರು, ಸದ್ಗುಣಗಳಿಂದ ತುಂಬಿದ್ದರು, ಅದರಲ್ಲೂ ಬಡವರನ್ನು ತಂದೆಯಂತೆ ಪ್ರೀತಿಸಿದರು, 77ನೆಯ ವಯಸ್ಸಿನಲ್ಲಿ ನಿಧನರಾದರು. ದ್ರಾಕ್ಷಾರಸದ ಹೆಸರು ಆ ಕಲ್ಲಿನಲ್ಲಿ ಎಲ್ಲಿಯೂ ಇಲ್ಲ.