ಜೇಮ್ಸ್ ಕ್ಯಾಶ್ ಪೆನ್ನಿ: ಸಂಪತ್ತು ಕರಗಿದಾಗ ಸಿಕ್ಕ ನಂಬಿಕೆ

ಅಮೆರಿಕದ ಚಿಲ್ಲರೆ ವ್ಯಾಪಾರ ಲೋಕದ ದಿಗ್ಗಜ ಜೇಮ್ಸ್ ಕ್ಯಾಶ್ ಪೆನ್ನಿ ಅವರ ಹೆಸರಿನಲ್ಲಿರುವ 'ಕ್ಯಾಶ್' ಸಿರಿವಂತಿಕೆ ತಂದುಕೊಟ್ಟ ಬಿರುದಲ್ಲ, ತಂದೆಯಿಂದ ಬಂದ ಹೆಸರು. 1875ರ ಸೆಪ್ಟೆಂಬರ್ 16ರಂದು ಮಿಸ್ಸೌರಿ ರಾಜ್ಯದ ಹ್ಯಾಮಿಲ್ಟನ್ ಬಳಿ ಅವರು ಜನಿಸಿದ ಮನೆಯಲ್ಲಿ ನಗದಿಗೇ ಅಭಾವವಿತ್ತು. ತಂದೆ ರೈತ ಹಾಗೂ ಸಂಬಳವಿಲ್ಲದ ಬ್ಯಾಪ್ಟಿಸ್ಟ್ ಧರ್ಮಬೋಧಕ. ಬಟ್ಟೆಬರೆಯ ಖರ್ಚನ್ನು ಮಗ ಎಂಟನೆಯ ವಯಸ್ಸಿನಿಂದಲೇ ದುಡಿದುಕೊಳ್ಳಬೇಕೆಂದು ಅವರು ವಿಧಿಸಿದ್ದರು. ಬಾಲಕ ಹಂದಿ ಸಾಕಿ ನಾಲ್ಕು ಕಾಸು ಕಂಡಾಗ, ದುರ್ವಾಸನೆಯಿಂದ ನೆರೆಹೊರೆಯವರಿಗೆ ತೊಂದರೆಯೆಂದು ಹಂದಿಗಳನ್ನು ಮಾರಿಸಿದವರೂ ಅವರೇ.

ಮುಂದೆ ಕೊಲರಾಡೊದ ಲಾಂಗ್‌ಮಾಂಟ್‌ನಲ್ಲಿ ಪೆನ್ನಿ ಇಟ್ಟ ಮಾಂಸದಂಗಡಿ ನೆಲಕಚ್ಚಿತು. ದೊಡ್ಡ ಗಿರಾಕಿಯಾಗಿದ್ದ ಹೋಟೆಲಿನ ಬಾಣಸಿಗನಿಗೆ ವಿಸ್ಕಿಯ ಲಂಚ ಕೊಡಲು ಒಪ್ಪದಿದ್ದುದೇ ಕಾರಣವೆಂದು ಅವರು ಹೇಳಿಕೊಳ್ಳುತ್ತಿದ್ದರು.

1902ರ ಏಪ್ರಿಲ್ 14ರಂದು ವಯೋಮಿಂಗ್‌ನ ಕೆಮ್ಮರರ್‌ನಲ್ಲಿ, ಇಬ್ಬರು ಹಿರಿಯ ವರ್ತಕರ ಪಾಲುದಾರಿಕೆಯಲ್ಲಿ 'ಗೋಲ್ಡನ್ ರೂಲ್' ಮಳಿಗೆ ತೆರೆಯಿತು. ಇತರರಿಂದ ನಾವು ಬಯಸುವ ನಡತೆಯನ್ನೇ ಅವರಿಗೂ ತೋರಬೇಕೆಂಬ ಕ್ರಿಸ್ತಬೋಧೆಯೇ ಹೆಸರಿನ ಮೂಲ. ಪೆನ್ನಿ ಹಾಕಿದ ಬಂಡವಾಳದಲ್ಲಿ ಉಳಿತಾಯ 500 ಡಾಲರ್, ಸಾಲ 1,500. ಅದು ಕಲ್ಲಿದ್ದಲು ಗಣಿಯ ಊರು. ಕಾರ್ಮಿಕರು ಗಣಿ ಕಂಪನಿಯ ಅಂಗಡಿಯಲ್ಲಿ ಉದ್ದರಿ ಬರೆಸಿ ಬದುಕುತ್ತಿದ್ದರು. ಅಂಥಲ್ಲಿ ಕೈಗೆ ಕಾಸು, ಎಲ್ಲರಿಗೂ ಒಂದೇ ಬೆಲೆ ಎಂಬ ಪೆನ್ನಿಯವರ ಹಟ ಹುಚ್ಚುತನವಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ಹೆಂಡತಿ, ಮಗುವಿನೊಂದಿಗೆ ಅಂಗಡಿಯ ಅಟ್ಟದಲ್ಲೇ ವಾಸ. ಸರಕಿನ ಪೆಟ್ಟಿಗೆಗಳೇ ಪೀಠೋಪಕರಣ. ತನ್ನ ಜಾಗಕ್ಕೆ ಇನ್ನೊಬ್ಬನನ್ನು ತಯಾರು ಮಾಡಿದ ವ್ಯವಸ್ಥಾಪಕನಿಗೆ ಹೊಸ ಮಳಿಗೆಯಲ್ಲಿ ಪಾಲು ಸಿಗುತ್ತಿತ್ತು. ಆ ಪದ್ಧತಿಯಿಂದಲೇ 1929ರ ವೇಳೆಗೆ ಮಳಿಗೆಗಳ ಸಂಖ್ಯೆ ಸಾವಿರವನ್ನು ಮೀರಿತು.

ಆದರೆ ಅವರ ದಾನಕ್ಕೆ ಆಧಾರವಾಗಿದ್ದುದು ಷೇರುಗಳನ್ನು ಅಡವಿಟ್ಟು ತಂದ ಸಾಲ. ಫ್ಲಾರಿಡಾದಲ್ಲಿ ವಿಶಾಲ ಕೃಷಿ ವಸಾಹತನ್ನೂ, ತಂದೆತಾಯಿಯ ನೆನಪಿಗೆ ನಿವೃತ್ತ ಧರ್ಮಬೋಧಕರ ವಸತಿಯನ್ನೂ ಅವರು ಕಟ್ಟಿಸಿದ್ದರು. 1929ರ ಷೇರುಪೇಟೆ ಕುಸಿತದ ನಂತರ ಎಲ್ಲವೂ ಕೈಜಾರಿತು. ಅವರು ಅಧ್ಯಕ್ಷರಾಗಿದ್ದ ಮಯಾಮಿಯ ಬ್ಯಾಂಕೂ ಮುಚ್ಚಿತು. ಸುವರ್ಣ ನಿಯಮವನ್ನು ಅಂಗಡಿಯ ಹಲಗೆಯ ಮೇಲೆ ಬರೆಸಿದವರಿಗೆ ಠೇವಣಿದಾರರ ನಷ್ಟ ತಮ್ಮ ನಷ್ಟಕ್ಕಿಂತ ಹಗುರವಾಗಿರಲಾರದು.

ಮನಸ್ಸು, ದೇಹ ಎರಡೂ ಕುಸಿದು ಅವರು ಮಿಷಿಗನ್‌ನ ಬ್ಯಾಟಲ್ ಕ್ರೀಕ್ ಆರೋಗ್ಯಧಾಮ ಸೇರಿದರು. ಒಂದು ರಾತ್ರಿ ಬದುಕುಳಿಯಲಾರೆನೆಂದು ಮನೆಯವರಿಗೆ ವಿದಾಯಪತ್ರಗಳನ್ನೂ ಬರೆದಿಟ್ಟರು. ಬೆಳಗಾದಾಗ ಪ್ರಾರ್ಥನಾಮಂದಿರದಿಂದ ಭಕ್ತಿಗೀತೆಯೊಂದು ಕೇಳಿಬಂತು. ಅಲ್ಲಿಯವರೆಗೆ ತಮಗಿದ್ದುದು ತಂದೆಯಿಂದ ಬಂದ ನೀತಿ, ನಂಬಿಕೆ ದೊರೆತದ್ದು ಅಂದೇ ಎಂದು ಅವರು ಭಾವಿಸಿದರು.

ಐವತ್ತೈದು ದಾಟಿದ ಮೇಲೆ ಮತ್ತೆ ವ್ಯಾಪಾರಕ್ಕೆ ಮರಳಿ ಊರೂರು ಮಳಿಗೆ ಸುತ್ತಿದರು. 1940ರ ಸುಮಾರಿಗೆ ಡೆ ಮೊಯಿನ್‌ನ ಮಳಿಗೆಯಲ್ಲಿ, ಕಡಿಮೆ ಕಾಗದ, ಕಡಿಮೆ ದಾರದಲ್ಲಿ ಪೊಟ್ಟಣ ಕಟ್ಟುವುದನ್ನು ಒಬ್ಬ ತರುಣ ನೌಕರನಿಗೆ ಕಲಿಸಿದರು. ಮುಂದೆ ವಾಲ್‌ಮಾರ್ಟ್ ಸ್ಥಾಪಿಸಿದ ಸ್ಯಾಮ್ ವಾಲ್ಟನ್ ಆತ.

1971ರ ಫೆಬ್ರುವರಿ 12ರಂದು, 95ನೆಯ ವಯಸ್ಸಿನಲ್ಲಿ ಪೆನ್ನಿ ನಿಧನರಾದರು. ಅವರ ಹೆಸರಿನ ಕಂಪನಿ 2020ರ ಮೇ ತಿಂಗಳಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಫ್ಲಾರಿಡಾದ ಆ ವಸತಿ ಮಾತ್ರ, ಕಟ್ಟಿಸಿದವರ ಸಂಪತ್ತು ಕರಗಿದ ಮೇಲೂ ಉಳಿದುಕೊಂಡಿತು.