ಎಮಿಲ್ ಲಿತ್ರೆ ಮತ್ತು ‘ಮಾರ್ತೊ’ ಪದದ ಚರಿತ್ರೆ

ಫ್ರೆಂಚ್ ಭಾಷೆಯಲ್ಲಿ ಸುತ್ತಿಗೆಗೆ ‘ಮಾರ್ತೊ’ ಎಂದು ಹೆಸರು. ಬಡಗಿಯ ಕೈಯಲ್ಲಿರುವ ಈ ಸಾಮಾನ್ಯ ಉಪಕರಣವೂ ಕವಿಪ್ರಯೋಗದಷ್ಟೇ ಚರಿತ್ರಾರ್ಹವೆಂಬ ನಂಬಿಕೆಯಿಂದ ನಿಘಂಟು ರಚಿಸಿದವನು ಎಮಿಲ್ ಲಿತ್ರೆ.

1801ರ ಫೆಬ್ರವರಿ 1ರಂದು ಪ್ಯಾರಿಸಿನಲ್ಲಿ ಹುಟ್ಟಿದ ಲಿತ್ರೆಗೆ, ಕ್ರಾಂತಿಯ ಅಭಿಮಾನಿಯಾಗಿದ್ದ ತಂದೆ ರೋಬೆಸ್ಪಿಯರನ ನೆನಪಿನಲ್ಲಿ ಮ್ಯಾಕ್ಸಿಮಿಲಿಯೆನ್ ಎಂಬ ಹೆಸರನ್ನೂ ಇಟ್ಟಿದ್ದನು. ಲಿತ್ರೆ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದನು. ಆದರೆ 1827ರಲ್ಲಿ ತಂದೆ ತೀರಿಕೊಂಡ ಮೇಲೆ ಸಂಸಾರದ ಭಾರ ಹೊರಬೇಕಾಗಿ ಬಂದು, ಪದವಿ ಪಡೆಯದೆಯೇ ಉಳಿದನು. ಲ್ಯಾಟಿನ್, ಗ್ರೀಕ್ ಪಾಠ ಹೇಳಿ ಜೀವನ ಸಾಗಿಸಿದ ಈತ ಹಿಪ್ಪೊಕ್ರೆಟಿಸನ ಕೃತಿಗಳನ್ನು 1839ರಿಂದ 1861ರವರೆಗೆ ಹತ್ತು ಸಂಪುಟಗಳಲ್ಲಿ ಸಂಪಾದಿಸಿ ಅನುವಾದಿಸಿದನು.

ಸಹಪಾಠಿಯೂ ಪ್ರಕಾಶಕನೂ ಆದ ಅಶೆಟ್‌ನೊಡನೆ 1841ರಲ್ಲಿ ಮಾಡಿಕೊಂಡ ಒಪ್ಪಂದ ಕೇವಲ ವ್ಯುತ್ಪತ್ತಿ ಕೋಶವೊಂದಕ್ಕೆ ಸಂಬಂಧಿಸಿದ್ದು. ಕಾಲಕ್ರಮದಲ್ಲಿ ಅದರ ವ್ಯಾಪ್ತಿ ಹಿಗ್ಗಿತು. ಪದದ ಮೂಲಾರ್ಥವನ್ನು ಮೊದಲಿಟ್ಟು, ಅದರಿಂದ ಕವಲೊಡೆದ ಅರ್ಥಗಳನ್ನು ಅನುಕ್ರಮವಾಗಿ ಜೋಡಿಸಿ, ಕೊನೆಗೆ ಹಳೆಯ ಪ್ರಯೋಗಗಳನ್ನೂ ವ್ಯುತ್ಪತ್ತಿಯನ್ನೂ ಕೊಡುವುದು ಆತನ ವಿಧಾನ.

ಈ ವಿಧಾನದ ಫಲವತ್ತತೆಗೆ ‘ಮಾರ್ತೊ’ ಒಳ್ಳೆಯ ನಿದರ್ಶನ. ಲ್ಯಾಟಿನ್ನಿನ ‘ಮಾರ್ಕುಲುಸ್’ ಎಂಬ ಅಲ್ಪಾರ್ಥಕ ರೂಪ ಜನಬಳಕೆಯಲ್ಲಿ ‘ಮಾರ್ತೆಲ್ಲುಸ್’ ಆಯಿತು. ಹಳೆಯ ಫ್ರೆಂಚಿನಲ್ಲಿ ಅದು ‘ಮಾರ್ತೆಲ್’. ಮುಂದೆ ಅಂತ್ಯದ ಲಕಾರ ಸ್ವರವಾಗಿ ಕರಗಿ ‘ಮಾರ್ತೊ’ ಎಂಬ ರೂಪ ನಿಂತಿತು. ಹಳೆಯ ರೂಪ ಪೂರ್ತಿ ಅಳಿಯಲಿಲ್ಲ. 741ರಲ್ಲಿ ಮಡಿದ ಶಾರ್ಲ್ ಮಾರ್ತೆಲನ ಬಿರುದಿನಲ್ಲಿಯೂ, ತಲೆಯೊಳಗೆ ಸುತ್ತಿಗೆ ಬಡಿಯುವಂತಹ ಚಿಂತೆಯನ್ನು ಸೂಚಿಸುವ ನುಡಿಗಟ್ಟಿನಲ್ಲಿಯೂ ಅದು ಉಳಿದಿದೆ. ಅರ್ಥಗಳಾದರೋ ಹಲವು: ಗಡಿಯಾರದ ಗಂಟೆ ಹೊಡೆಯುವ ದಂಡ, ಪಿಯಾನೋದ ತಂತಿಯನ್ನು ತಟ್ಟುವ ಭಾಗ, ಬಾಗಿಲು ಬಡಿಯುವ ಲೋಹದ ಬಳೆ, ಅರಣ್ಯಾಧಿಕಾರಿ ಮರಕ್ಕೆ ಗುರುತೊತ್ತುವ ಸಾಧನ, ಅಗಲ ತಲೆಯ ಒಂದು ಶಾರ್ಕ್. ಬಾಗಿಲಿನ ಮಾರ್ತೊಗೆ ಜಿಡ್ಡು ಸವರುವುದೆಂದರೆ ದ್ವಾರಪಾಲಕನಿಗೆ ಲಂಚ ಕೊಡುವುದು! ಕಿವಿಯೊಳಗಿನ ಪುಟ್ಟ ಮೂಳೆಗೂ ಇದೇ ಹೆಸರು. ಇಂತಹ ಶಾಸ್ತ್ರಪದಗಳನ್ನು ನಿರೂಪಿಸುವಾಗ ಪದವಿಯಿಲ್ಲದ ಆ ವೈದ್ಯನಿಗೆ ಹಿಂದಿನ ಓದು ವ್ಯರ್ಥವಾಗಿರಲಾರದು. ಹುಚ್ಚನನ್ನು ‘ಮಾರ್ತೊ’ ಎನ್ನುವ ಆಡುಮಾತು ಮಾತ್ರ ಬಳಕೆಗೆ ಬಂದದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ.

ಮೂಲಾರ್ಥಕ್ಕೆ ಅಗ್ರಸ್ಥಾನ ಕೊಡುವ ಈ ಕ್ರಮ ದೋಷಮುಕ್ತವೇನಲ್ಲ. ರೂಢಿಯಲ್ಲಿರುವ ಅರ್ಥ ಕೆಲವೊಮ್ಮೆ ಹಿಂದೆ ಸರಿಯುತ್ತದೆ. ಆದರೂ ಅರ್ಥವ್ಯತ್ಯಾಸಕ್ಕೆ ಕಾರಣವಿದೆಯೆಂದು ತೋರಿಸಿಕೊಟ್ಟದ್ದು ಸಣ್ಣ ಸಾಧನೆಯಲ್ಲ.

ಆಗಸ್ಟ್ ಕೋಂತ್‌ನ ಪ್ರತ್ಯಕ್ಷವಾದವನ್ನು ಒಪ್ಪಿದ್ದ ಲಿತ್ರೆ ಇದಕ್ಕಾಗಿ ಬೆಲೆ ತೆರಬೇಕಾಯಿತು. 1863ರಲ್ಲಿ ಬಿಷಪ್ ದ್ಯುಪಾನ್ಲೂ ನಾಸ್ತಿಕತೆಯ ಆರೋಪ ಹೊರಿಸಿ, ಫ್ರೆಂಚ್ ಅಕಾಡೆಮಿಗೆ ಆತನ ಆಯ್ಕೆಯನ್ನು ತಡೆದನು. ಅದೇ ವರ್ಷ ನಿಘಂಟಿನ ಪ್ರಕಟಣೆ ಆರಂಭವಾಯಿತೆಂಬುದು ಗಮನಾರ್ಹ. ಹಳ್ಳಿಮನೆಯಲ್ಲಿ ನಡುರಾತ್ರಿ ಕಳೆದರೂ ಮುಗಿಯದ ಕೆಲಸದಲ್ಲಿ ಪತ್ನಿಯೂ ಮಗಳೂ ನೆರವಾದರು. 1859ರಲ್ಲಿ ತೊಡಗಿದ ಮುದ್ರಣ 1870ರ ಯುದ್ಧದಿಂದ ನಿಂತು, ಮತ್ತೆ ಮುಂದುವರಿದು 1872ರಲ್ಲಿ ಮುಗಿಯಿತು. ಇದಕ್ಕೂ ಮೊದಲೇ, 1871ರಲ್ಲಿ, ಅಕಾಡೆಮಿ ಲಿತ್ರೆಯನ್ನು ಆರಿಸಿತು. ದ್ಯುಪಾನ್ಲೂ ರಾಜೀನಾಮೆ ಕೊಟ್ಟನು. ಲಿತ್ರೆ 1877ರಲ್ಲಿ ಪುರವಣಿಯೊಂದನ್ನು ಸೇರಿಸಿ, 1881ರ ಜೂನ್ 2ರಂದು ಪ್ಯಾರಿಸಿನಲ್ಲಿ ನಿಧನನಾದನು.