ದೇವರ ಮನೆವಾರ್ತೆಯವಳು: ಪಂಡಿತಾ ರಮಾಬಾಯಿಯವರ ಚರಿತ್ರೆ



ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬೀ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿರುವ ನಮ್ಮ ಸಭೆಗಳವರಲ್ಲಿ ಹೆಚ್ಚಿನವರು ಹೊಲದಿಂದಲೂ ಕೂಲಿಯಿಂದಲೂ ಜೀವಿಸುವವರು. ಹತ್ತಿಯಾಗಲಿ ಗೋವಿನಜೋಳವಾಗಲಿ ಮೆಣಸಿನಕಾಯಿಯಾಗಲಿ ಮಾರಿದ ಹಣವು ಸುಗ್ಗಿಯಲ್ಲಿ ಒಮ್ಮೆ ಕೈಗೆ ಬರುವದು. ಖರ್ಚಾದರೋ ದಿನಾಲೂ ಬಾಗಿಲಲ್ಲಿ ನಿಂತಿರುವದು. ಮಗಳ ಮದುವೆ, ಬೀಗರ ಉಪಚಾರ, ಮಕ್ಕಳ ಓದು, ಮುದುಕರ ಔಷಧ, ಹಬ್ಬದ ಬಟ್ಟೆ ಇವೆಲ್ಲವುಗಳ ನಡುವೆ ಹಣವನ್ನು ಅಂಕೆಯಲ್ಲಿಡುವದು ಹೇಗೆಂದು ನಾವು ಮನೆಮನೆಗೆ ಹೋದಾಗ ಕೇಳುವವರು ಅನೇಕರು. ಈ ವಿಷಯದಲ್ಲಿ ಉಪದೇಶವನ್ನು ಬರೆಯುವದಕ್ಕಿಂತ ಒಬ್ಬ ಭಕ್ತಳ ಚರಿತ್ರೆಯನ್ನು ಹೇಳುವದೇ ಲೇಸೆಂದು ನಮಗೆ ತೋಚಿತು. ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳದ ಕ್ರೈಸ್ತರು ವಿರಳ. ಆದರೆ ಆ ಮಹಾತಾಯಿಯು ಸಾಲದ ಮನೆಯಲ್ಲಿ ಹುಟ್ಟಿ, ಹಸಿವೆಯಲ್ಲಿ ಬೆಳೆದು, ಹಣದ ವಿಚಾರದಲ್ಲಿ ಎಂಥಾ ವಿವೇಕವನ್ನು ಸಂಪಾದಿಸಿದರೆಂಬದನ್ನು ಆಲೋಚಿಸಿದವರು ಸ್ವಲ್ಪ ಮಂದಿ.

ರಮಾಬಾಯಿಯವರು 1858ನೇ ಇಸವಿ ಏಪ್ರಿಲ್ 23ರಂದು ನಮ್ಮ ಕನ್ನಡ ನಾಡಿನ ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಕಾಡಿನಲ್ಲಿ ಹುಟ್ಟಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದ ಕಡೆಯವರು, ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಹೆಂಗಸರಿಗೆ ವಿದ್ಯೆ ಸಲ್ಲದೆಂದು ಜನರು ಎದ್ದರೂ ಅವರು ಬೆದರದೆ ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಆ ತಾಯಿಯೇ ಮುಂದೆ ನಸುಕಿನಲ್ಲಿ ಎದ್ದು ಮನೆಗೆಲಸಕ್ಕೆ ಮುಂಚೆ ಚಿಕ್ಕ ರಮಾಬಾಯಿಗೆ ಪಾಠ ಹೇಳುತ್ತಿದ್ದರು. ಇಂಥಾ ಸದ್ಗುಣವಂತರ ಮನೆಯಲ್ಲಿ ಒಂದು ಕೊರತೆ ಇತ್ತು. ಗಂಗಾಮೂಲಕ್ಕೆ ಬರುವ ಯಾತ್ರಿಕರೂ ಶಿಷ್ಯರೂ ಅತಿಥಿಗಳೂ ಎಷ್ಟು ಮಂದಿಯಾದರೂ ಅವರಿಗೆಲ್ಲ ಊಟವಿಕ್ಕುವದು ಶಾಸ್ತ್ರಿಗಳ ಪದ್ಧತಿಯಾಗಿತ್ತು. ಬರುವದೆಷ್ಟು ಹೋಗುವದೆಷ್ಟು ಎಂಬದನ್ನು ಎಣಿಸುವದು ಪದ್ಧತಿಯಾಗಿರಲಿಲ್ಲ. ಹೀಗಿರಲಾಗಿ ಸಾಲವು ಬೆಳೆಯಿತು. ಕಡೆಗೆ ಆಸ್ತಿಯನ್ನು ಕಳಕೊಂಡು ಕುಟುಂಬವೆಲ್ಲಾ ಮನೆ ಬಿಟ್ಟು ಹೊರಡಬೇಕಾಯಿತು. ಆಗ ರಮಾಬಾಯಿಯವರು ಆರು ತಿಂಗಳ ಕೂಸು. ಕೂಸನ್ನು ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಘಟ್ಟವನ್ನು ಇಳಿಸಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಶಾಸ್ತ್ರಿಗಳು ಕುಡುಕರಲ್ಲ, ಜೂಜುಗಾರರಲ್ಲ, ಸೋಮಾರಿಗಳಲ್ಲ. ಒಳ್ಳೇ ಕೆಲಸವನ್ನು ಮಾಡುತ್ತಲೇ ಅವರು ಸಾಲಕ್ಕೆ ಬಿದ್ದರು. ಸಾಲವು ದುಷ್ಟರ ಮನೆಗೆ ಮಾತ್ರವೇ ಬರುವದೆಂದು ನಮ್ಮಲ್ಲಿ ಕೆಲವರು ನೆನಸುತ್ತಾರೆ. ಲೆಕ್ಕವಿಲ್ಲದ ಔದಾರ್ಯಕ್ಕೂ ಅದೇ ಬಾಗಿಲು ತೆರೆದಿರುವದು.

ತರುವಾಯ ಸುಮಾರು 16 ವರುಷ ಆ ಕುಟುಂಬವು ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತಾ, ಪುರಾಣ ಓದಿ ಜನರು ಕೊಟ್ಟ ದಕ್ಷಿಣೆಯಿಂದ ಜೀವಿಸಿತು. ಹೀಗೆ ಸಂಚರಿಸುವಾಗಲೇ ರಮಾಬಾಯಿಯವರು ನಮ್ಮ ಕನ್ನಡವನ್ನೂ ಕಲಿತರು. ಉಂಡು ಮಿಕ್ಕ ಹಣವಿದ್ದರೆ ಪುಣ್ಯಕ್ಕಾಗಿ ದಾನಮಾಡುವರೇ ಹೊರತು ನಾಳೆಗೆಂದು ಇಡುತ್ತಿರಲಿಲ್ಲ. ಮಕ್ಕಳಿಗೆ ಶಾಸ್ತ್ರವಿದ್ಯೆಯ ಹೊರತು ಬೇರೆ ಯಾವ ಕಸುಬನ್ನೂ ಕಲಿಸಲಿಲ್ಲ. ಅಷ್ಟರಲ್ಲಿ ಮದ್ರಾಸ್ ಸೀಮೆಯಲ್ಲಿ ಬರಗಾಲ ಬಿತ್ತು. ಶಾಸ್ತ್ರಿಗಳು ಮುದುಕರಾಗಿ ಕಣ್ಣು ಕಾಣದವರಾಗಿದ್ದರು. ಒಡವೆ ಹೋಯಿತು, ಬೆಳ್ಳಿ ಹೋಯಿತು, ತಾಮ್ರದ ಪಾತ್ರೆಗಳೂ ಹೋದವು. ದೇವರು ಪ್ರಸನ್ನನಾಗಿ ತಿರಿಗಿ ಕೊಡುವನೆಂದು ನಂಬಿ, ಮಾರಿ ಬಂದ ಹಣವನ್ನು ಸಹ ದಾನಕ್ಕೇ ವೆಚ್ಚಮಾಡಿದರು. ಕೂಲಿಗೆ ಹೋಗೋಣವೆಂದರೆ ಕುಲದ ಹೆಮ್ಮೆಯೂ ವಿದ್ಯೆಯ ಹೆಮ್ಮೆಯೂ ಅಡ್ಡ ನಿಂತವು. ಕಡೆಗೆ ತಿರುಪತಿಯ ಕಡೆಯ ಕಾಡಿನಲ್ಲಿ ಎಲೆಗಳನ್ನು ತಿಂದು ನೀರು ಕುಡಿದು ಹಲವು ದಿನ ಕಳೆದರು.

ಇನ್ನು ಸಾಯುವದೇ ಸರಿಯೆಂದು ಎಲ್ಲರೂ ನಿಶ್ಚಯಿಸಿದಾಗ ಅಣ್ಣನಾದ ಶ್ರೀನಿವಾಸನು ಮನಸ್ಸು ತಿರುಗಿಸಿಕೊಂಡನು. ಕುಲದ ಹೆಮ್ಮೆಯನ್ನು ಬಿಟ್ಟು ಕೂಲಿಮಾಡಿಯಾದರೂ ತಂದೆತಾಯಿಗಳನ್ನು ಸಾಕುವೆನೆಂದು ಅವನು ಎದ್ದನು. ಒಳ್ಳೇ ಮಾತೇ ಸರಿ, ಆದರೆ ತಡವಾಗಿತ್ತು. 1874ರ ಸುಮಾರಿಗೆ ಕೆಲವೇ ತಿಂಗಳುಗಳೊಳಗೆ ತಂದೆಯೂ ತಾಯಿಯೂ ಅಕ್ಕನೂ ತೀರಿಹೋದರು. ತಾಯಿಯ ಶವವನ್ನು ಹೊರಲು ನಾಲ್ಕನೆಯವರು ಸಿಕ್ಕದೆ ರಮಾಬಾಯಿಯವರೇ ಹೆಗಲು ಕೊಡಬೇಕಾಯಿತು. ಗಿಡ್ಡವರಾದದರಿಂದ ಚಟ್ಟದ ಮೂಲೆಯನ್ನು ತಲೆಯ ಮೇಲೆ ಹೊತ್ತರು. ಹದಿನಾರು ವಯಸ್ಸಿನ ಹುಡುಗಿಯ ತಲೆಯ ಮೇಲಿದ್ದ ಆ ಭಾರವನ್ನು ನಾವು ಮರೆಯಬಾರದು. ಮುಂದೆ ಅವರು ಮಾಡಿದ್ದೆಲ್ಲಾ ಅಲ್ಲಿಂದಲೇ ಹುಟ್ಟಿತು.

ಅಣ್ಣತಂಗಿಯರು ಉತ್ತರದೇಶವನ್ನೆಲ್ಲಾ ಬರಿಗಾಲಿನಲ್ಲಿ ನಡೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ರಮಾಬಾಯಿಯವರ ಪಾಂಡಿತ್ಯವನ್ನು ಪರೀಕ್ಷಿಸಿ ಪಂಡಿತಾ ಎಂಬ ಬಿರುದನ್ನು ಕೊಟ್ಟರು. ಆದರೆ 1880ರಲ್ಲಿ ಅಣ್ಣನು ಸತ್ತನು. ಅದೇ ವರುಷ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಅವರು ಮದುವೆಯಾದರು. 1881ರಲ್ಲಿ ಮನೋರಮಾ ಎಂಬ ಮಗಳು ಹುಟ್ಟಿದಳು. 1882ನೇ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ತೀರಿಹೋದನು. ಹೀಗೆ ಇಪ್ಪತ್ತುಮೂರು ವರುಷದ ವಿಧವೆಯು ಕೈಗೂಸಿನೊಂದಿಗೆ ಉಳಿದಳು.

ಈಗ ಆಕೆಯು ಏನು ಮಾಡಿದಳು? ಪುಣೆಗೆ ಬಂದು ಸ್ತ್ರೀಧರ್ಮನೀತಿ ಎಂಬ ಮರಾಠೀ ಪುಸ್ತಕವನ್ನು ಬರೆದಳು. ಅದರ ಮಾರಾಟದಿಂದ ಬಂದ ಹಣದಿಂದಲೇ 1883ರಲ್ಲಿ ಇಂಗ್ಲೆಂಡಿಗೆ ಹಡಗಿನ ಖರ್ಚನ್ನು ಸಾಗಿಸಿದಳು. ವಾಂಟೇಜ್ ಎಂಬ ಊರಿನಲ್ಲಿ ಅದೇ ವರುಷ ಸೆಪ್ಟೆಂಬರ್ 29ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು. ಅನಂತರ ಚೆಲ್ಟನ್‌ಹ್ಯಾಮಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ತಾನು ಕಲಿಯುತ್ತಾ ಸಂಸ್ಕೃತವನ್ನು ಕಲಿಸುತ್ತಾ ಇದ್ದರು. 1886ರಲ್ಲಿ ಅಮೇರಿಕಕ್ಕೆ ಹೋಗಿ, ಮರುವರುಷ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕವನ್ನು ಪ್ರಕಟಿಸಿದರು. ಅದು ಸಾವಿರಾರು ಪ್ರತಿಗಳು ಮಾರಿಹೋಯಿತು. ಪುರಾಣದ ದಕ್ಷಿಣೆಗೆ ಕೈಚಾಚಿ ಬೆಳೆದವರು ತಮ್ಮ ಕೈಕೆಲಸದ ಫಲದಿಂದ ನಿಲ್ಲುವದನ್ನು ಕಲಿತರು.

ಬಾಸ್ಟನ್ ಪಟ್ಟಣದ ಸ್ನೇಹಿತರು 1887ರಲ್ಲಿ ಒಂದು ಸಂಘವನ್ನು ಕೂಡಿಸಿ, ವಿಧವೆಯರ ಶಾಲೆಗಾಗಿ ಹತ್ತು ವರುಷ ಸಹಾಯಮಾಡುವದಾಗಿ ಮಾತುಕೊಟ್ಟರು. 1889ನೇ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ಆರಂಭವಾಯಿತು. ಮರುವರುಷ ಅದು ಪುಣೆಗೆ ಬಂತು. ಧಾರಾಳವಾದ ಸಹಾಯ ಸಿಕ್ಕಿದಾಗ ನಮ್ಮಂಥವರು ಏನು ಮಾಡುತ್ತೇವೆ? ಅದು ಎಂದಿಗೂ ನಿಲ್ಲದ ಹೊಳೆಯೆಂದು ನೆನಸುತ್ತೇವೆ. ರಮಾಬಾಯಿಯವರು ಮೊದಲೇ ಹನ್ನೊಂದನೆಯ ವರುಷವನ್ನು ನೋಡಿದರು. ಆದಕಾರಣ ಪುಣೆಯಿಂದ ಸ್ವಲ್ಪ ದೂರದ ಕೇಡಗಾಂವದಲ್ಲಿ ಸುಮಾರು ನೂರು ಎಕರೆ ನೆಲವನ್ನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದರು. ಪರದೇಶದ ಹಣ ನಿಂತರೂ ಹಣ್ಣಿನ ಹುಟ್ಟುವಳಿಯಿಂದ ಶಾಲೆಯು ಉಳಿಯಬೇಕೆಂಬದೇ ಅವರ ಆಲೋಚನೆ. ತಂದೆಯ ಮನೆಯಲ್ಲಿ ಯಾರೂ ಕೇಳದೆ ಹೋದ ನಾಳೆಯ ಪ್ರಶ್ನೆಯನ್ನು ಮಗಳು ಕೇಳಿದಳು.

ಇನ್ನೊಂದು ಸಂಕಟವೂ ಬಂತು. ಕೆಲವು ಹುಡುಗಿಯರು ತಾವಾಗಿ ರಮಾಬಾಯಿಯವರ ಪ್ರಾರ್ಥನೆಗೆ ಬಂದು ಕೂತದ್ದರಿಂದ ಪುಣೆಯಲ್ಲಿ ಗದ್ದಲವೆದ್ದು, 1893ರಲ್ಲಿ ಸಲಹೆಗಾರರಾದ ದೊಡ್ಡ ಮನುಷ್ಯರು ಕೈಬಿಟ್ಟರು; ಅನೇಕ ಹುಡುಗಿಯರನ್ನು ಮನೆಯವರು ಕರಕೊಂಡು ಹೋದರು. ಸ್ನೇಹಿತರು ದೂರವಾದದ್ದು ಅವರಿಗೆ ಬಹಳ ನೋವಾಯಿತು. ಆದರೂ ಯಾರನ್ನೂ ಬಲವಂತಪಡಿಸದೆ, ತಮ್ಮ ಕೋಣೆಯ ಬಾಗಿಲನ್ನೂ ಮುಚ್ಚದೆ, ಮನಸ್ಸಾಕ್ಷಿಯನ್ನು ಹಣಕ್ಕೂ ಹೆಸರಿಗೂ ಮಾರದೆ ನಿಂತರು.

1896ರಲ್ಲಿ ಮಧ್ಯಪ್ರಾಂತದಲ್ಲಿ ಬರಗಾಲ ಬಿದ್ದಿತು. ಹಿಂದೆ ತಾನು ಎಲೆ ತಿಂದ ದಿನಗಳು ಅವರ ಕಣ್ಣೆದುರಿಗೆ ಬಂದವು. ತಾವೇ ಅಲ್ಲಿಗೆ ಹೋಗಿ ಸುಮಾರು 300 ಹುಡುಗಿಯರನ್ನು ಕಾಪಾಡಿ ತಂದರು. ಪುಣೆಯಲ್ಲಿ ಪ್ಲೇಗಿನ ಭಯವಿದ್ದದರಿಂದ ಅವರನ್ನು ಪಟ್ಟಣದಲ್ಲಿಡುವದಕ್ಕೆ ಅಪ್ಪಣೆ ಸಿಕ್ಕಲಿಲ್ಲ. ಆಗ ಹಣ್ಣಿಗಾಗಿ ಕೊಂಡ ಕೇಡಗಾಂವದ ಹೊಲವೇ ಅವರಿಗೆ ಆಶ್ರಯವಾಯಿತು. ಆ ಸ್ಥಳಕ್ಕೆ ಮುಕ್ತಿ ಎಂದು ಹೆಸರಾಯಿತು. 1900ರ ಗುಜರಾಥದ ಬರಗಾಲದ ತರುವಾಯ ಅಲ್ಲಿ ಇದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಬಂತು. ಮುಂಚೆಯೇ ಕೂಡಿಟ್ಟದ್ದು ಬರಗಾಲದಲ್ಲಿ ಎಷ್ಟು ಜೀವಗಳನ್ನು ಉಳಿಸುವದೆಂಬದಕ್ಕೆ ಐಗುಪ್ತದ ಯೋಸೇಫನ ಕಣಜಗಳ ತರುವಾಯ ಇದಕ್ಕಿಂತ ಒಳ್ಳೇ ದೃಷ್ಟಾಂತವನ್ನು ನಾವು ಅರಿಯೆವು.

ಅಷ್ಟು ಮಂದಿಗೆ ಅನ್ನವೆಲ್ಲಿಂದ? ರಮಾಬಾಯಿಯವರು ಬ್ರಿಸ್ಟಲಿನ ಜಾರ್ಜ್ ಮುಲ್ಲರರ ಚರಿತ್ರೆಯನ್ನು ಓದಿ, ದೇವರೊಬ್ಬನನ್ನೇ ಬೇಡುವದನ್ನು ಕಲಿತಿದ್ದರು. ಆದರೆ ಅವರ ಪ್ರಾರ್ಥನೆಯು ಕೈಕಟ್ಟಿ ಕೂರುವ ಪ್ರಾರ್ಥನೆಯಲ್ಲ. ಮುಕ್ತಿಯಲ್ಲಿ ಹೊಲಗೆಲಸ, ನೇಯಿಗೆ, ಎಣ್ಣೆಯ ಗಾಣ, ಹೈನು, ಅಡಿಗೆ, ಅಚ್ಚಿನ ಕೆಲಸ ಇವೆಲ್ಲವುಗಳನ್ನು ಹುಡುಗಿಯರಿಗೆ ಕಲಿಸಿದರು. ಕಣ್ಣು ಕಾಣದವರಿಗೂ ಓದನ್ನೂ ಕಸುಬನ್ನೂ ಕಲಿಸಿದರು. ಯಾವ ಕೆಲಸವೂ ಹೀನವಲ್ಲವೆಂಬ ಪಾಠವನ್ನು ತಿರುಪತಿಯ ಕಾಡಿನಲ್ಲಿ ಅವರು ಬಹಳ ಬೆಲೆಕೊಟ್ಟು ಕೊಂಡಿದ್ದರು. ತಾವಾದರೋ ಸಾದಾ ಬಿಳೀ ಸೀರೆಯಲ್ಲಿಯೇ ಕಾಲ ಕಳೆದರು.

ಮಗಳಾದ ಮನೋರಮಾಬಾಯಿಯು ತಾಯಿಯ ಬಲಗೈಯಾಗಿ ಬೆಳೆದು, ನಮ್ಮ ಕಲಬುರಗಿಯಲ್ಲಿಯೂ ಒಂದು ಶಾಲೆಯನ್ನು ಸ್ಥಾಪಿಸಿದರು. ಆದರೆ 1921ನೇ ಜುಲೈಯಲ್ಲಿ ಮಗಳೇ ಮುಂಚೆ ತೀರಿಹೋದಳು. ತಾಯಿಯು ಆ ದುಃಖವನ್ನು ಸಹಿಸಿ, ಸರಳ ಮರಾಠಿಯಲ್ಲಿ ಸತ್ಯವೇದದ ಭಾಷಾಂತರವನ್ನು ಮುಗಿಸಿ, 1922ನೇ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಮುಕ್ತಿ ಮಿಷನ್ನು ಇಂದಿಗೂ ಕೇಡಗಾಂವದಲ್ಲಿ ನಡೆಯುತ್ತಿದೆ.

ಪ್ರಿಯರೇ, ಈ ಚರಿತ್ರೆಯನ್ನು ನಮ್ಮ ಮನೆಗಳಿಗೆ ಹೇಗೆ ತರೋಣ? ಮೊದಲನೇದಾಗಿ, ಶನಿವಾರ ರಾತ್ರಿ ಗಂಡಹೆಂಡರು ಜೊತೆಯಾಗಿ ಕೂತು ಆ ವಾರ ಬಂದದ್ದನ್ನೂ ಹೋದದ್ದನ್ನೂ ಒಂದು ವಹಿಯಲ್ಲಿ ಬರೆಯಲಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗಳು ಬರೆಯಲಿ. ಗಂಡನು ಮಾಡಿದ ಕೈಗಡ ಹೆಂಡತಿಗೆ ತಿಳಿಯದೆ, ಹೆಂಡತಿಯು ಸಂಘದಲ್ಲಿ ಎತ್ತಿದ ಸಾಲ ಗಂಡನಿಗೆ ತಿಳಿಯದೆ ಇರುವ ಮನೆಯಲ್ಲಿ ಮೊದಲು ಹಣ ಕೆಡುವದು, ಆಮೇಲೆ ಪ್ರೀತಿ ಕೆಡುವದು. ಎರಡನೇದಾಗಿ, ಬೀಗರ ಮುಂದೆ ತಲೆಯೆತ್ತಬೇಕೆಂದು ಮದುವೆಗೆ ಹೊಲವನ್ನು ಒತ್ತೆಯಿಡುವದು ಸನ್ಮಾನವಲ್ಲ. ಬುರುಜನ್ನು ಕಟ್ಟುವವನು ಮೊದಲು ಕೂತು ಖರ್ಚನ್ನು ಎಣಿಸಬೇಕೆಂದು ನಮ್ಮ ಕರ್ತನೇ ಬೋಧಿಸಿದನಲ್ಲವೇ? ಮೂರನೇದಾಗಿ, ಸುಗ್ಗಿಯ ಹಣ ಬಂದ ದಿನವೇ ಬೀಜಕ್ಕೆ, ಸಾಲಕ್ಕೆ, ಕಾಣಿಕೆಗೆ, ಕಷ್ಟಕಾಲಕ್ಕೆ ಎಂದು ಬೇರೆ ಬೇರೆ ಮಾಡಿಡೋಣ, ಸ್ವಲ್ಪವಾದರೂ ಸರಿ. ಹಿಂದೆ ಒಂದೇ ಜಿಲ್ಲೆಯಾಗಿದ್ದ ನಮ್ಮ ಧಾರವಾಡ ಸೀಮೆಯಲ್ಲಿಯೇ, ಗದಗಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರು 1905ರಲ್ಲಿ ರೈತರ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದ್ದು ನಮಗೆ ಗೊತ್ತುಂಟು. ಬಡವರು ಚಿಕ್ಕಚಿಕ್ಕ ಮೊತ್ತಗಳನ್ನು ಕೂಡಿಸಿದರೆ ಬಡ್ಡಿಯವನ ಬಾಗಿಲಿಗೆ ಹೋಗುವದು ತಪ್ಪುವದು.

ಆದರೂ ಒಂದು ಎಚ್ಚರಿಕೆಯನ್ನು ಹೇಳಿ ಮುಗಿಸುತ್ತೇವೆ. ಲೆಕ್ಕವನ್ನು ಕಲಿತವನು ಕೈಯನ್ನು ಮುಚ್ಚಿಕೊಳ್ಳುವ ಶೋಧನೆಯುಂಟು. ರಮಾಬಾಯಿಯವರು ತಂದೆಯ ಔದಾರ್ಯವನ್ನು ಬಿಡಲಿಲ್ಲ. ಅದಕ್ಕೆ ಲೆಕ್ಕವನ್ನೂ ದುಡಿಮೆಯನ್ನೂ ಕೂಡಿಸಿದರು. ಅದರಿಂದಲೇ ತಂದೆಯ ಊಟದ ಪಂಕ್ತಿಯು ಕೆಲವು ವರುಷಗಳಲ್ಲಿ ಮುರಿದುಹೋಯಿತು, ಮಗಳ ಪಂಕ್ತಿಯು ನೂರಕ್ಕೂ ಹೆಚ್ಚು ವರುಷಗಳಿಂದ ನಡೆಯುತ್ತಲಿದೆ. ನಮ್ಮಲ್ಲಿರುವದು ನಮ್ಮದಲ್ಲ, ಕರ್ತನದು. ನಾವು ಆತನ ಮನೆವಾರ್ತೆಯವರು. ಒಂದು ದಿನ ಆತನು ಲೆಕ್ಕ ಕೇಳುವನು. ಆ ದಿನದಲ್ಲಿ ನಮ್ಮ ವಹಿಯನ್ನು ಭಯವಿಲ್ಲದೆ ಆತನ ಮುಂದೆ ತೆರೆಯುವಂತೆ ಕರ್ತನು ನಮಗೆಲ್ಲರಿಗೂ ಕೃಪೆಕೊಡಲಿ. ಆಮೆನ್.